ಉಪವಾಸದ ಸರಪಳಿ

ಜನವರಿ 9

ಅಪ್ಪಾ,

ಕ್ಷೇಮವಾಗಿ ತಲುಪಿದೆ. ಹಾಸ್ಟೆಲ್ಲಿನ ಬಾಗಿಲಲ್ಲೇ ನಮ್ಮ ಫೋನುಗಳನ್ನೆಲ್ಲ ಕಿತ್ತುಕೊಂಡು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಜಡಿದರು. ಶಿಬಿರ ಮುಗಿಯುವವರೆಗೆ ಕಾಗದವೇ ಗತಿ. ತೀರಾ ಸಾವು ನೋವಿನ ಸುದ್ದಿಯಾದರೆ ಮಾತ್ರ ವಾರ್ಡನ್ ಆಫೀಸಿಗೆ ಫೋನ್ ಮಾಡಬಹುದಂತೆ. ನನ್ನ ದನಿ ಕೇಳುವ ಆಸೆಗೆ ಅಮ್ಮ ಯಾರನ್ನಾದರೂ ಸಾಯಿಸದಂತೆ ನೋಡಿಕೊಳ್ಳಿ.

ರೂಮಿನಲ್ಲಿ ನನ್ನ ಜೊತೆ ಹರ್ಡಲ್ಸ್ ಓಡುವವಳೊಬ್ಬಳಿದ್ದಾಳೆ. ದಿಂಬಿಗೆ ತಲೆ ತಾಗಿದ ಕೂಡಲೇ ಗೊರಕೆ. ಅದಕ್ಕೇ ಎಲ್ಲರೂ ಅವಳನ್ನು ಗರಗಸ ಎಂದು ಕರೆಯುತ್ತಾರೆ, ಅವಳೂ ಬೇಜಾರಿಲ್ಲದೆ ಓಗೊಡುತ್ತಾಳೆ. ಕಿಟಕಿಯಿಂದ ಟ್ರ್ಯಾಕಿನ ಒಂದು ತಿರುವು ಕಾಣುತ್ತದೆ. ಕೋಚ್‌ಗೆ ನಾವಿಟ್ಟ ಹೆಸರು ಶಿಳ್ಳೆ ಮೇಡಂ. ಕುತ್ತಿಗೆಯ ಶಿಳ್ಳೆಯನ್ನು ಊಟಕ್ಕೆ ಕೂತಾಗಲೂ ತೆಗೆಯುವುದಿಲ್ಲ. ಐದು ಸಾವಿರ ಮೀಟರಿಗೆ ಆಯ್ಕೆಯ ಓಟ ಮಾರ್ಚ್ ಕೊನೆಗೆ. ತಂಡದಲ್ಲಿ ಇಬ್ಬರಿಗೆ ಜಾಗ, ಆಸೆಪಡುವವರು ಒಂದು ಲಾರಿಯಷ್ಟು ಜನ.

ಇನ್ನೊಂದು ಮಾತು. ಇದು ನಿಮ್ಮೊಬ್ಬರಿಗೇ. ಆಯ್ಕೆಯ ಓಟ ಮುಗಿಯುವವರೆಗೆ ರಾತ್ರಿ ಊಟ ಬಿಡುತ್ತೇನೆಂದು ಪ್ರಾರ್ಥನೆಯಲ್ಲಿ ಮಾತು ಕೊಟ್ಟಿದ್ದೇನೆ. ದೇವರಿಗೆ ಉಳಿದದ್ದನ್ನು ಕೊಡಬಾರದು, ಬೇಕಾದದ್ದನ್ನು ಕೊಡಬೇಕು ಎಂದು ನೀವೇ ಎಷ್ಟು ಸಲ ಚರ್ಚಿನಲ್ಲಿ ಪ್ರಸಂಗ ಮಾಡುವಾಗ ಹೇಳಿದ್ದೀರಿ. ಓಡುವವಳಿಗೆ ಊಟಕ್ಕಿಂತ ಬೇಕಾದದ್ದು ಯಾವುದಿದೆ? ಮೈ ಹಗುರಾದರೆ ಕಾಲೂ ಚುರುಕಾಗುತ್ತದೆ, ಅದು ಬೇರೆ ಮಾತು.

ಅಮ್ಮನಿಗೆ ಹೇಳಬೇಡಿ. ಗಲಾಟೆ ಮಾಡುತ್ತಾಳೆ.

ನಿಮ್ಮ
ಮಿಡತೆ

ಜನವರಿ 18

ನನ್ನ ಮಿಡತೆಗೆ,

ನಿನ್ನ ಕಾಗದವನ್ನು ಬಾಗಿಲಲ್ಲಿ ನಿಂತೇ ಓದಿದೆ. ಓದುತ್ತಾ ಕಣ್ಣು ಮಂಜಾಯಿತು. ಚಿಕ್ಕವಳಿದ್ದಾಗ ಪ್ರಾರ್ಥನೆಯ ಮಧ್ಯೆ ಬೆಂಚಿನ ಕೆಳಗೆ ತೆವಳಿಕೊಂಡು ಹೋಗಿ ಹಿರಿಯರ ಚಪ್ಪಲಿ ಅದಲುಬದಲು ಮಾಡುತ್ತಿದ್ದ ಹುಡುಗಿ ಇವಳೇನಾ ಅನಿಸಿತು.

ಬೈಯಬೇಡ. ನನ್ನ ಬಾಯಲ್ಲಿ ನಿಲ್ಲಲಿಲ್ಲ. ಭಾನುವಾರ ಪ್ರಸಂಗಕ್ಕೆ ಎದ್ದಾಗ ನಾನು ಬರೆದುಕೊಂಡಿದ್ದದ್ದು ಬೇರೆ ವಿಷಯ. ಆದರೆ ಬಾಯಿ ತೆರೆದರೆ ನೀನೇ ಬಂದೆ. ಹೇಳಿಯೇಬಿಟ್ಟೆ. ಆಮೇಲೆ ನಮ್ಮ ಬಡಗಿ ಹಿರಿಯರು ಎದ್ದು ನಿಂತರು. ಅವರು ಎದ್ದರೆ ಸಾಮಾನ್ಯವಾಗಿ ಸೂರು ಸೋರುತ್ತಿದೆ ಅನ್ನುವುದಕ್ಕೇ. ಈ ಸಲ, "ಆ ಮಗು ಒಂಟಿಯಾಗಿ ಯಾಕೆ ಹಸಿದಿರ್ಬೇಕು? ನಾವೆಲ್ಲ ಏನ್ ಸತ್ತೋಗಿದ್ದೀವಾ?" ಎಂದರು. ಅಲ್ಲಿಗೆ ಒಂದು ಸರಪಳಿಯೇ ಶುರುವಾಯಿತು. ದಿನಕ್ಕೊಂದು ಮನೆಯಂತೆ ನಿನ್ನ ಓಟಕ್ಕಾಗಿ ರಾತ್ರಿ ಉಪವಾಸ. ಸೋಮವಾರ ಬಡಗಿ ಹಿರಿಯರ ಮನೆ. ಮಂಗಳವಾರ ಟೈಲರ್ ಅಕ್ಕ. ಬುಧವಾರ ಬೇಕರಿಯವರು. ಬೇಕರಿಯವರು ಉಪವಾಸ! ಅವರ ಹೊಟ್ಟೆ ನೋಡಿದ ಯಾರೂ ಇದನ್ನು ನಂಬುವುದಿಲ್ಲ.

ನೀನು ಓಡುವಾಗ ಒಂದು ಸಭೆಯೇ ನಿನ್ನ ಹಿಂದೆ ಓಡುತ್ತಿರುತ್ತದೆ ಮಗಳೇ. ಗೆದ್ದು ಬಾ.

ಪ್ರಾರ್ಥನೆಯಲ್ಲಿ ನಿನ್ನನ್ನು ನೆನೆಯುವ
ಅಪ್ಪ

ನನ್ನನ್ನು ಯಾರೂ ಕೇಳಲಿಲ್ಲ. ಪ್ರಸಂಗ ಕೇಳಿಯೇ ನನಗೆ ಗೊತ್ತಾದದ್ದು. ರಾತ್ರಿ ಊಟ ಮಾಡು. — ಅಮ್ಮ

(ನಿನ್ನ ತಾಯಿ ನನ್ನ ಕಾಗದಕ್ಕೆ ಬಾಲ ಸೇರಿಸಿದ್ದಾಳೆ. ಅವಳ ಸ್ವಭಾವ ನಿನಗೆ ಗೊತ್ತಲ್ಲ.)

ಫೆಬ್ರವರಿ 3

ಅಪ್ಪಾ,

ನಿಮಗೊಬ್ಬರಿಗೇ ಅಂದರೆ ಊರಿಗೆಲ್ಲ ಡಂಗುರ ಎಂದು ನನಗೆ ಗೊತ್ತಿರಬೇಕಿತ್ತು. ಮೊದಲು ಸಿಟ್ಟು ಬಂತು. ಆಮೇಲೆ ಬೇಕರಿಯವರು ತಾವೇ ಸುಟ್ಟ ಬನ್ನುಗಳ ಮುಂದೆ ಕೈಕಟ್ಟಿ ಕೂತದ್ದನ್ನು ಕಲ್ಪಿಸಿಕೊಂಡು ಒಬ್ಬಳೇ ನಕ್ಕೆ. ಆಮೇಲೆ ಅಳು ಬಂತು. ಯಾಕೆ ಎಂದು ಕೇಳಬೇಡಿ.

ಓಟ ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ನೆಲಕ್ಕೆ ಕಾಲು ತಾಗುತ್ತಿದೆಯೋ ಇಲ್ಲವೋ ಅನಿಸುತ್ತದೆ. ಶಿಳ್ಳೆ ಮೇಡಂ ಗಡಿಯಾರ ನೋಡಿ ಹುಬ್ಬೇರಿಸಿದರು. ಅವರು ಹುಬ್ಬೇರಿಸಿದರೆ ಬೇರೆಯವರು ಬೆನ್ನು ತಟ್ಟಿದಂತೆ. "ರಾತ್ರಿ ಮೆಸ್ಸಲ್ಲಿ ಕಾಣಲ್ವಲ್ಲಮ್ಮಾ ನೀನು?" ಎಂದು ಕೇಳಿದರು. ರೂಮಿಗೆ ತರಿಸಿಕೊಳ್ಳುತ್ತೇನೆ ಎಂದೆ. ತರಿಸಿಕೊಳ್ಳುವುದೇನೋ ನಿಜ, ತಿನ್ನುವುದು ಗರಗಸ. ಅವಳಿಗೆ ಹಬ್ಬ.

ಬಲಗಾಲಿನ ಮುಂಗಾಲಿನಲ್ಲಿ, ಮೊಣಕಾಲಿನ ಕೆಳಗೆ ಮೂಳೆಯ ಉದ್ದಕ್ಕೂ ಸ್ವಲ್ಪ ಹಿಡಿದ ಹಾಗೆ ಇರುತ್ತದೆ. ಓಡಲು ಶುರು ಮಾಡಿದಾಗ ಇರುತ್ತದೆ, ಮೈ ಬಿಸಿಯಾದ ಮೇಲೆ ಹೋಗುತ್ತದೆ. ದೊಡ್ಡದೇನಲ್ಲ. ಮೇಡಂಗೆ ಹೇಳಿಲ್ಲ. ಹೇಳಿದರೆ ಕೂರಿಸುತ್ತಾರೆ. ನೀವು ಅದಕ್ಕೂ ಒಂದು ಮಾತು ಪ್ರಾರ್ಥಿಸಿ.

ಮಿಡತೆ

ಫೆಬ್ರವರಿ 14

ಮಗಳೇ,

ನಿನ್ನ ಓಟದ ಸುದ್ದಿಯನ್ನು ಹಿರಿಯರಿಗೆ ಓದಿ ಹೇಳಿದೆ. ಬಡಗಿ ಹಿರಿಯರು "ನೋಡಿದ್ರಾ, ಕೆಲಸ ಮಾಡ್ತಾ ಇದೆ" ಎಂದು ಮೇಜು ಗುದ್ದಿದರು. ಸರಪಳಿ ನಾಲ್ಕನೇ ಸುತ್ತಿಗೆ ಬಂದಿದೆ. ಸಂಡೇ ಸ್ಕೂಲಿನ ಚಿಳ್ಳೆಪಿಳ್ಳೆಗಳು ತಾವೂ ಸೇರುತ್ತೇವೆಂದು ಬಿಸ್ಕತ್ತು ಬಿಟ್ಟಿವೆ. ಕಳೆದ ಮಂಗಳವಾರ ಟೈಲರ್ ಅಕ್ಕನಿಗೆ ಹೊಲಿಗೆ ಯಂತ್ರದ ಮುಂದೆ ತಲೆ ಸುತ್ತಿತಂತೆ. ನೀರು ಚಿಮುಕಿಸಿ ಎಬ್ಬಿಸಿದರೆ, "ಹುಡುಗಿ ಓಡ್ತಾ ಇರುವಾಗ ನಾನು ಕೂತ್ಕೊಂಡು ಬಿದ್ದೆನಲ್ಲಾ" ಎಂದು ನಾಚಿಕೊಂಡಳಂತೆ. ಇಂಥವರ ನಡುವೆ ನಾನು ಪಾಸ್ಟರ್ ಎನ್ನುವುದಕ್ಕೆ ಹೆಮ್ಮೆಯಾಗುತ್ತದೆ.

ಕಾಲು ನೋವಿಗೆ ಹೆದರಬೇಡ. ಸೈತಾನನಿಗೆ ಓಡುವವರ ಕಾಲೇ ಕಾಣುವುದು. ಹಲ್ಲು ಕಚ್ಚಿ ಪ್ರಾರ್ಥಿಸು, ದಾಟಿಹೋಗುತ್ತೀಯ. ನನಗೆ ನಿನ್ನ ಮೇಲೆ ನಂಬಿಕೆಯಿದೆ.

ನಾನು ಆರೋಗ್ಯವಾಗಿದ್ದೇನೆ. ಸ್ವಲ್ಪ ಸಣ್ಣಗಾಗಿದ್ದೇನೆ ಅಷ್ಟೆ, ಕೋಟು ಈಗ ಸಲೀಸಾಗಿ ಗುಂಡಿ ಹಾಕಿಕೊಳ್ಳುತ್ತದೆ.

ಅಪ್ಪ

ನನ್ನ ಗಾಯನ ತಂಡದ ಗತಿ ಕೇಳು. ಹೊಟ್ಟೆಯಲ್ಲಿ ಏನೂ ಇಲ್ಲದೆ ಅಭ್ಯಾಸಕ್ಕೆ ಬರುತ್ತಾರೆ, ಹಾಡು ಶುರು ಮಾಡಿದ ಶ್ರುತಿಯಲ್ಲಿ ಮುಗಿಯುವುದೇ ಇಲ್ಲ, ಮೆಟ್ಟಿಲಿಳಿದ ಹಾಗೆ ಇಳಿಯುತ್ತದೆ. ಗಂಟಲಿಗೇ ಹೀಗಾದರೆ ಕಾಲಿಗೆ ಹೇಗೆ? ಇದರ ಜೊತೆ ಒಂದು ಚೀಟಿ ಅಂಟಿಸಿದ್ದೇನೆ. ಅದು ನಿನಗೆ ಮಾತ್ರ. ಅದರಲ್ಲಿ ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಬರಿ. — ಅಮ್ಮ

ಮಾರ್ಚ್ 7

ಮಗಳೇ,

ಏನಾಯಿತು? ನಿನ್ನ ಕಾಗದವೇ ಇಲ್ಲ. ಪೋಸ್ಟ್‌ಮ್ಯಾನ್ ಈಗ ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸಿ ಹೋಗುತ್ತಾನೆ. ಅಭ್ಯಾಸ ಜೋರಾಗಿರಬೇಕು, ಬರೆಯಲು ಬಿಡುವಿಲ್ಲ ಎಂದುಕೊಂಡಿದ್ದೇನೆ. ನಿನ್ನ ತಾಯಿ ಹಾಗೆ ಅಂದುಕೊಂಡಿಲ್ಲ. ವಾರ್ಡನ್ ಆಫೀಸಿಗೆ ಫೋನ್ ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ. ಆಯ್ಕೆಯ ಹೊತ್ತಿನಲ್ಲಿ ಮನಸ್ಸು ಕೆಡಿಸುವುದು ಬೇಡ ಎಂದು ನಾನೇ ತಡೆದಿದ್ದೇನೆ.

ಒಂದು ಸಾಲಾದರೂ ಬರಿ.

ಅಪ್ಪ

ಮಾರ್ಚ್ 13

ಅಪ್ಪಾ,

ಮೂರು ಸಲ ಬರೆದು ಹರಿದುಹಾಕಿದೆ. ಇದನ್ನು ಹರಿಯದಂತೆ ಗರಗಸ ಪಕ್ಕದಲ್ಲೇ ಕಾವಲು ಕೂತಿದ್ದಾಳೆ.

ನನ್ನ ಮೂಳೆ ಬಿರುಕು ಬಿಟ್ಟಿದೆ. ಅದೇ ಬಲಗಾಲು. ಹೋದ ತಿಂಗಳ ಕೊನೆಗೆ ಅಭ್ಯಾಸದಲ್ಲಿ ತಿರುವಿನ ಹತ್ತಿರ ಕಾಲು ಊರಿದೆ, ಊರಿದ ಕಾಲು ಎತ್ತಲಾಗಲಿಲ್ಲ. ಬೀಳಲೂ ಇಲ್ಲ. ಸುಮ್ಮನೆ ನಿಂತುಬಿಟ್ಟೆ. ಹಿಂದಿನಿಂದ ಬರುತ್ತಿದ್ದವರು ಬೈದುಕೊಂಡು ಪಕ್ಕದಿಂದ ಹೋದರು. ಮೇಡಂ ನನ್ನನ್ನು ಹೆಗಲಿಗೆ ಆನಿಸಿಕೊಂಡು ಡಾಕ್ಟರ್ ಬಳಿ ಕರೆದೊಯ್ದರು.

ಡಾಕ್ಟರಮ್ಮ ಕಾಲಿನ ಎಕ್ಸ್-ರೇ ಚಿತ್ರವನ್ನು ದೀಪಕ್ಕೆ ಹಿಡಿದು ನೋಡಿ, ಕಾಲಿನ ಸುದ್ದಿಯನ್ನೇ ಎತ್ತಲಿಲ್ಲ. "ರಾತ್ರಿ ಏನಮ್ಮಾ ತಿಂತೀಯ?" ಎಂದು ಕೇಳಿದರು. ಇನ್ನೂ ಒಂದೆರಡು ಕೇಳಿದರು. ಕೊನೆಗೆ, "ಇದು ಪೆಟ್ಟು ಬಿದ್ದು ಒಡೆದದ್ದಲ್ಲ. ಮೂಳೆಗೆ ಹಸಿವಾಗಿದೆ. ನೀನು ಓಡ್ತಾ ಇದ್ದೆ, ಅದು ತನ್ನನ್ನೇ ತಿಂತಾ ಇತ್ತು" ಎಂದರು. ಮೇಡಂ ಶಿಳ್ಳೆಯನ್ನು ಬೆರಳಲ್ಲಿ ಗರಗರ ತಿರುಗಿಸುತ್ತಾ ಗೋಡೆ ನೋಡುತ್ತಿದ್ದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಈ ತಿಂಗಳ ಕೊನೆಯ ಆಯ್ಕೆ ನನ್ನ ಪಾಲಿಗೆ ಮುಗಿಯಿತು ಅಪ್ಪಾ, ಓಡುವವರಲ್ಲಿ ನಾನಿಲ್ಲ. ಅಕ್ಟೋಬರಿನಲ್ಲಿ ಇನ್ನೊಂದಿದೆ. ಹೊಟ್ಟೆ ತುಂಬ ತಿಂದು, ಹೇಳಿದಷ್ಟು ವಿಶ್ರಾಂತಿ ತೆಗೆದುಕೊಂಡರೆ ಅದರಲ್ಲಿ ಓಡಬಹುದು. ಇಲ್ಲದಿದ್ದರೆ ಮೂಳೆ ಕೂಡುವುದಿಲ್ಲ, ಓಟದ ಮಾತೇ ಎತ್ತಬಾರದು ಎಂದಿದ್ದಾರೆ.

ಇಷ್ಟು ಕೇಳಿಯೂ ರಾತ್ರಿ ನನ್ನಿಂದ ತಿನ್ನಲಾಗುತ್ತಿಲ್ಲ. ತಟ್ಟೆ ಮುಂದಿಟ್ಟುಕೊಂಡರೆ ಇವತ್ತು ಯಾರ ಮನೆಯ ಸರದಿ ಎಂಬ ಯೋಚನೆ ಬರುತ್ತದೆ. ಟೈಲರ್ ಅಕ್ಕ ನನಗೋಸ್ಕರ ತಲೆಸುತ್ತಿ ಬಿದ್ದಳು. ಮಕ್ಕಳು ಬಿಸ್ಕತ್ತು ಬಿಟ್ಟಿವೆ. ಅವರೆಲ್ಲ ಹಸಿದಿರುವಾಗ ನಾನು ಹೇಗೆ ತುತ್ತೆತ್ತಲಿ? ನಾನು ಸೋತೆ ಎಂದು ಅವರಿಗೆ ಹೇಗೆ ಹೇಳುತ್ತೀರಿ? ಹೇಳಬೇಡಿ. ಅವಮಾನವಾಗುತ್ತದೆ, ನನಗಿಂತ ಹೆಚ್ಚು ನಿಮಗೆ.

ಈ ಹಾಳೆಯ ಹಿಂದೆ ಅಮ್ಮನ ಚೀಟಿಗೆ ಉತ್ತರವಿದೆ. ನೀವು ಓದಬೇಡಿ.

ನಿಮ್ಮ ಮಗಳು

ಮಾರ್ಚ್ 17

ಕಂದಾ,

ಊಟ ಮಾಡು. ಈ ಕಾಗದ ಮಡಿಸುವ ಮೊದಲು ಎದ್ದು ಹೋಗಿ ಊಟ ಮಾಡು. ನಿನ್ನ ಮಾತಿನಿಂದ ನಿನ್ನನ್ನು ಬಿಡುಗಡೆ ಮಾಡಿದ್ದೇನೆ. ಪಾಸ್ಟರಾಗಿಯೂ ಮಾಡಿದ್ದೇನೆ, ಅಪ್ಪನಾಗಿಯೂ ಮಾಡಿದ್ದೇನೆ.

ಓದಬೇಡಿ ಎಂದು ನೀನು ಬರೆದಿದ್ದೆ. ಓದಿದೆ. ತಿಂಗಳಾನುಗಟ್ಟಲೆ ಮುಟ್ಟು ನಿಂತಿದ್ದರೂ ನೀನು ಯಾರಿಗೂ ಹೇಳಲಿಲ್ಲ. ನಿನ್ನ ತಾಯಿ ಕೇಳಿದಳು, ನಾನು ಕೇಳಲಿಲ್ಲ. ಕಾಲು ನೋಯುತ್ತದೆ ಎಂದು ನೀನು ಬರೆದಾಗ ನಾನು ಸೈತಾನನ ಮೇಲೆ ಹಾಕಿ ಕೈ ತೊಳೆದುಕೊಂಡೆ. ಡಾಕ್ಟರಿಗೆ ತೋರಿಸು ಎನ್ನುವ ಒಂದು ಮಾತು ನನ್ನ ಪೆನ್ನಿಗೆ ಬರಲಿಲ್ಲ.

ಸಭೆಗೆ ಹೇಳುವುದಿಲ್ಲ, ಚಿಂತೆ ಬಿಡು. ನಿನ್ನ ಮರ್ಯಾದೆ ನನ್ನ ಕೈಯಲ್ಲಿದೆ. ಸರಪಳಿ ನಡೆಯುತ್ತಿರಲಿ. ಇನ್ನು ಮುಂದೆ ಅದು ನಿನ್ನ ಮೂಳೆ ಕೂಡಲೆಂದು ನಡೆಯುತ್ತದೆ, ಅವರಿಗೆ ಗೊತ್ತಿಲ್ಲದೆ. ನೀನು ತಿನ್ನು, ನಿನ್ನ ಪಾಲಿನ ಹಸಿವನ್ನು ನಾವು ಹೊರುತ್ತೇವೆ.

ಅಪ್ಪ

ಮಾರ್ಚ್ 24

ಅಪ್ಪಾ,

ನಿಮ್ಮ ಕಾಗದ ಬಂದ ದಿನವೇ ಅಮ್ಮನ ಕಾಗದವೂ ಬಂತು. ಅವಳು ಮೂರೇ ಸಾಲು ಬರೆಯುವವಳು, ಈ ಸಲ ಮೂರು ಹಾಳೆ.

ಕೋಟು ಸಲೀಸಾಗಿ ಗುಂಡಿ ಹಾಕಿಕೊಳ್ಳುತ್ತದೆ ಎಂದಿರಲ್ಲ, ಯಾಕೆಂದು ಈಗ ಗೊತ್ತಾಯಿತು. ಎಲ್ಲರಿಗೂ ವಾರಕ್ಕೊಂದು ರಾತ್ರಿ, ನಿಮಗೆ ದಿನವೂ. ಸಕ್ಕರೆ ಕಾಯಿಲೆ ಇಟ್ಟುಕೊಂಡು, ಖಾಲಿ ಹೊಟ್ಟೆಗೆ ಮಾತ್ರೆ ನುಂಗಿಕೊಂಡು! ಶನಿವಾರದ ಮದುವೆಯಲ್ಲಿ ಆಶೀರ್ವಾದ ಹೇಳುತ್ತಾ ಹೇಳುತ್ತಾ ಮದುಮಗನ ಮೇಲೆ ಕುಸಿದುಬಿದ್ದಿರಂತೆ. ಅವನು ಹಿಡಿದುಕೊಳ್ಳದಿದ್ದರೆ ಮೆಟ್ಟಿಲಿಗೆ ತಲೆ ಒಡೆಯುತ್ತಿತ್ತಂತೆ. ನನಗೆ ಬರೆದದ್ದು ಮಾತ್ರ "ಆರೋಗ್ಯವಾಗಿದ್ದೇನೆ". ನಾನು ಶಿಳ್ಳೆ ಮೇಡಂಗೆ ಹೇಳಿದ ಸುಳ್ಳಿಗೂ ನಿಮ್ಮ ಈ ಸುಳ್ಳಿಗೂ ಏನು ವ್ಯತ್ಯಾಸ ಹೇಳಿ? ನಾವಿಬ್ಬರೂ ಒಂದೇ ಅಚ್ಚು.

ಈಗ ನಾನು ಪ್ರಸಂಗ ಮಾಡುತ್ತೇನೆ, ನೀವು ಬೆಂಚಿನಲ್ಲಿ ಕೂತು ಕೇಳಿ. ಮೂರು ವಾರ ಕಾಲು ಮೇಲಿಟ್ಟು ಮಲಗಿದರೆ ಯೋಚಿಸುವುದಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ. ನಾನು ದೇವರಿಗೆ ಏನೋ ಕೊಟ್ಟೆ ಎಂದುಕೊಂಡಿದ್ದೆ. ಆದರೆ ಈ ಕಾಲು ನನ್ನದೇ ಆಗಿದ್ದರೆ ತಾನೇ ಕೊಡುವುದು? ನೋಡಿಕೋ ಎಂದು ಅವನು ನನ್ನ ಕೈಗೆ ಒಪ್ಪಿಸಿದ್ದು ಇದು. ಅವನ ಮನೆಯ ಹಂಚು ಕಿತ್ತು ಅವನಿಗೇ ಕಾಣಿಕೆ ಇಟ್ಟೆ, ಅವನು ಖುಷಿಪಡಬೇಕು ಎಂದೂ ಬಯಸಿದೆ. ಅದರ ಒಳಗೆ ನನ್ನದೊಂದು ಕಳ್ಳತನವೂ ಇತ್ತು. ತೂಕ ಇಳಿದರೆ ವೇಗ ಬರುತ್ತದೆಂಬ ಆಸೆಗೆ ನಾನು ಪ್ರಾರ್ಥನೆಯ ಬಟ್ಟೆ ಹೊದಿಸಿದ್ದೆ. ಅದನ್ನು ನಿಮಗೆ ಮೊದಲ ಕಾಗದದಲ್ಲೇ ಬರೆದಿದ್ದೆ, ನೀವು ಓದಿಯೂ ಗಮನಿಸಲಿಲ್ಲ.

ನನ್ನ ಮರ್ಯಾದೆ ನಿಮ್ಮ ಕೈಯಲ್ಲಿ ಇರುವುದು ಬೇಡ, ಬಿಟ್ಟುಬಿಡಿ. ಭಾನುವಾರ ಎದ್ದು ನಿಂತು ಎಲ್ಲ ಹೇಳಿ. ಸರಪಳಿ ನಿಲ್ಲಿಸಿ. ಆಮೇಲೆ ಅವರೆಲ್ಲರ ಕಣ್ಣೆದುರಿಗೆ ನೀವು ಊಟ ಮಾಡಬೇಕು. ನೀವು ಉಂಡ ಸುದ್ದಿ ಬರುವವರೆಗೆ ನಾನು ಉಣ್ಣುವುದಿಲ್ಲ ಎಂದು ಹೆದರಿಸೋಣ ಎಂದಿದ್ದೆ. ಆದರೆ ಈಗಾಗಲೇ ಉಂಡೆ. ಇಂದು ರಾತ್ರಿ ಮೆಸ್ಸಿಗೆ ಕುಂಟಿಕೊಂಡು ಹೋಗಿ, ಎಲ್ಲರ ಜೊತೆ ಕೂತು, ಎರಡು ಮೊಟ್ಟೆ, ಬ್ರೆಡ್ಡು, ಹಾಲು. ಅಳುತ್ತಲೇ ತಿಂದೆ. ಗರಗಸಳಿಗೆ ತನ್ನ ಹೆಚ್ಚುವರಿ ಊಟ ಹೋಯಿತೆಂದು ದುಃಖ.

ನಾನು ನನ್ನ ಪಾಲಿನದು ಮಾಡಿದೆ. ಇನ್ನು ನಿಮ್ಮ ಸರದಿ.

ಮಿಡತೆ

ಏಪ್ರಿಲ್ 2

ನನ್ನ ಪುಟ್ಟ ಪಾಸ್ಟರಮ್ಮನಿಗೆ,

ಮಾಡಿದೆ.

ಶನಿವಾರ ರಾತ್ರಿಯೆಲ್ಲ ಪ್ರಸಂಗ ಬರೆದೆ. ಭಾನುವಾರ ಎದ್ದು ನಿಂತರೆ ಅದರ ಒಂದು ಸಾಲೂ ಕಣ್ಣಿಗೆ ಕಾಣಲಿಲ್ಲ. ಕೊನೆಗೆ ನೀನು ಬರೆದ ಕಳೆದ ಎರಡು ಕಾಗದಗಳನ್ನೇ ಓದಿಬಿಟ್ಟೆ. ಅಮ್ಮನಿಗೆ ಬರೆದ ಹಿಂದಿನ ಪುಟ ಬಿಟ್ಟು ಉಳಿದದ್ದೆಲ್ಲ. ಹಂಚಿನ ಮಾತು ಬಂದಾಗ ಬಡಗಿ ಹಿರಿಯರು ತಲೆ ಎತ್ತಿದರು, ಸೂರಿನ ವಿಷಯ ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಓದಿ ಮುಗಿಸಿ ಹೇಳಿದೆ: ಉಪವಾಸ ತಪ್ಪಲ್ಲ, ನಾವೆಲ್ಲ ಬೆಳೆದದ್ದೇ ಅದರಲ್ಲಿ. ಆದರೆ ಓಡುವ ಹುಡುಗಿಯ ತಟ್ಟೆ ಖಾಲಿ ಎಂದು ಕೇಳಿ ನಾನು ಅಳಬೇಕಿತ್ತು, ಚಪ್ಪಾಳೆ ತಟ್ಟಿಸಿದೆ. ಮೈ ನಮ್ಮ ಆಸ್ತಿಯಲ್ಲ, ನಾವು ಅದರ ಮನೆವಾರ್ತೆ ನೋಡುವವರು. ಯಜಮಾನ ಬಂದು, ನಾನು ಕೊಟ್ಟ ಕಾಲೆಲ್ಲಿ ಎಂದು ಕೇಳಿದರೆ, ನಿನಗಾಗಿಯೇ ಮುರಿದೆ ಎಂದು ಹೇಳುವುದಕ್ಕೆ ನನಗೆ ಧೈರ್ಯವಿಲ್ಲ.

ಬಡಗಿ ಹಿರಿಯರ ಮುಖ ಕೆಂಪಾಯಿತು. "ದೇವ್ರಿಗೆ ಕೊಟ್ಟ ಮಾತು ಪಾಸ್ಟರೇ. ಹೀಗೆ ಅರ್ಧಕ್ಕೆ ಬಿಡೋದು ಸರೀನಾ?" ಎಂದು ಎದ್ದರು. ಅಷ್ಟರಲ್ಲಿ ನಿನ್ನ ತಾಯಿ ಗಾಯನ ತಂಡದ ಸಾಲಿನಿಂದಲೇ, "ಆ ಮಗು ಮೂಳೆ ಕೂಡಲಿ ಅಂತ ತಾನೇ ಹಿರಿಯರೇ ನಿಮಗೂ ಬೇಕಿರೋದು? ಹಾಗಾದ್ರೆ ಅವಳು ಉಣ್ಣೋ ಹೊತ್ತಿಗೆ ನೀವೂ ಉಣ್ಣಿ. ಅವಳ ಗಂಟಲಲ್ಲಿ ಇಳಿಯದಿರೋದು ನಿಮ್ಮ ಹಸಿವು" ಎಂದಳು. ಹಿರಿಯರು ಕಣ್ಣೊರೆಸಿಕೊಂಡು ಕೂತರು. ಹಿಂದಿನ ಬೆಂಚಿನಿಂದ ಬೇಕರಿಯವರು ಮೆಲ್ಲಗೆ, "ಅಂದ್ರೆ ಈಗ ತಿನ್ನಬಹುದಾ?" ಎಂದು ಕೇಳಿದರು. ಮಗಳೇ, ಆ ಕಟ್ಟಡದಲ್ಲಿ ಅಷ್ಟು ನಗು ನಾನು ಕೇಳಿಯೇ ಇರಲಿಲ್ಲ.

ಆರಾಧನೆ ಮುಗಿದ ಮೇಲೆ ಪಕ್ಕದ ಹಾಲಿನಲ್ಲಿ ಮೇಜು ಜೋಡಿಸಿದರು. ಬೇಕರಿಯವರು ಅಂಗಡಿ ತೆಗೆಸಿ ಎರಡು ಬುಟ್ಟಿ ಬನ್ನು ತಂದರು. ಯಾರೋ ಮೊಟ್ಟೆ ಬೇಯಿಸಿದರು, ಯಾರೋ ಮನೆಯ ಪಾತ್ರೆಯನ್ನೇ ಎತ್ತಿಕೊಂಡು ಬಂದರು. ಮೊದಲ ತುತ್ತು ನಾನೇ ತಿಂದೆ, ಎಲ್ಲರೂ ನೋಡುತ್ತಾ ನಿಂತಿದ್ದರು. ನಾಚಿಕೆಯಾಯಿತು. ಆದರೂ ನುಂಗಿದೆ. ಆಮೇಲೆ ಎರಡನೆಯದು. ಆಮೇಲೆ ಲೆಕ್ಕವಿಡಲಿಲ್ಲ.

ಸರಪಳಿ ನಿಲ್ಲಲಿಲ್ಲ ಮಾತ್ರ, ತಿರುಗಿಕೊಂಡಿತು. ದಿನಕ್ಕೊಂದು ಮನೆ ನಿನಗಾಗಿ ಪ್ರಾರ್ಥಿಸಿ, ಹೊಟ್ಟೆ ತುಂಬ ಉಣ್ಣುತ್ತದೆ. ಬುಧವಾರ ಬೇಕರಿಯವರು ತಮ್ಮ ಹರಕೆಯನ್ನು ಎರಡೆರಡು ಸಲ ತೀರಿಸುತ್ತಿದ್ದಾರೆ ಎಂದು ಅವರ ಹೆಂಡತಿ ದೂರು ತಂದಿದ್ದಾಳೆ.

ಹೊಟ್ಟೆ ತುಂಬಿದ
ಅಪ್ಪ

ತಂಡದ ಶ್ರುತಿ ನಿಂತಿದೆ. ನಿಮ್ಮಪ್ಪನನ್ನು ಸೋಮವಾರ ಡಾಕ್ಟರ್ ಬಳಿ ಕೈಹಿಡಿದು ಕರೆದುಕೊಂಡು ಹೋಗಿದ್ದೆ. ಮಾತ್ರೆ ಬದಲಾಯಿಸಿದ್ದಾರೆ. — ಅಮ್ಮ

ಜೂನ್ 20

ಅಪ್ಪಾ, ಅಮ್ಮಾ,

ಮೂಳೆ ಕೂಡಿದೆ! ಡಾಕ್ಟರಮ್ಮ ಹೊಸ ಚಿತ್ರವನ್ನು ದೀಪಕ್ಕೆ ಹಿಡಿದು, "ನೋಡು, ಉಂಡು ತೇಗಿದ ಹಾಗಿದೆ" ಎಂದರು. ಅವರು ತಮಾಷೆ ಮಾಡುವವರೆಂದು ನನಗೆ ಗೊತ್ತೇ ಇರಲಿಲ್ಲ.

ಇಷ್ಟು ದಿನ ಈಜುಕೊಳದಲ್ಲಿ ಎದೆಮಟ್ಟದ ನೀರಿನಲ್ಲಿ ನಡೆಯುತ್ತಿದ್ದೆ, ಚಿಕ್ಕ ಮಕ್ಕಳು ಪಕ್ಕದಿಂದ ಈಜಿಕೊಂಡು ಹೋಗುತ್ತಾ ನಗುತ್ತಿದ್ದರು. ನಿನ್ನೆ ಹುಲ್ಲಿನ ಮೇಲೆ ಓಡಿದೆ. ಓಟವೇನು, ಜಾಗಿಂಗ್. ಮೇಡಂ ಪಕ್ಕದಲ್ಲೇ ಓಡುತ್ತಾ ನನ್ನ ಕಾಲನ್ನಲ್ಲ, ಮುಖವನ್ನು ನೋಡುತ್ತಿದ್ದರು. "ನೋವಾದ್ರೆ ಹೇಳ್ಬೇಕು" ಎಂದರು. "ಹೇಳ್ತೀನಿ ಮೇಡಂ" ಎಂದೆ. "ಹೇಳ್ದಿದ್ರೆ?" ಎಂದರು. "ನಮ್ಮಪ್ಪಂಗೆ ಕಾಗದ ಬರೀರಿ, ಅವರು ಚರ್ಚಿನಲ್ಲಿ ಓದ್ತಾರೆ" ಎಂದೆ. ನಕ್ಕರು.

ತೂಕ ಹೆಚ್ಚಿದೆ. ಮೊದಲು ಹೆದರಿಕೆಯಾಗುತ್ತಿತ್ತು, ರೂಮಿನ ಮೂಲೆಯ ತೂಕದ ಯಂತ್ರದ ಮೇಲೆ ಟವೆಲ್ ಹಾಕಿಟ್ಟಿದ್ದೆ. ಈಗ ಗರಗಸ ಅದರ ಮೇಲೆ ಒದ್ದೆ ಶೂ ಒಣಗಿಸುತ್ತಾಳೆ.

ಹಿಂದಿನ ಪುಟ ಅಮ್ಮನಿಗೆ. ಅಪ್ಪಾ, ಈ ಸಲ ನೀವೂ ಓದಬಹುದು. ಒಂದೇ ಪದ ಇದೆ: ಬಂತು.

ಮಿಡತೆ

ಸೆಪ್ಟೆಂಬರ್ 28

ಮಗಳೇ,

ನಿನ್ನ ಆ ಒಂದು ಪದಕ್ಕೆ ನಿನ್ನ ತಾಯಿ ಕುಣಿದದ್ದು ನೀನು ನೋಡಬೇಕಿತ್ತು. ಅದಾದ ಮೇಲೆ ನಾನು ಬರೆದದ್ದು ಕಡಿಮೆಯಾಯಿತು, ಯಾಕೆಂದರೆ ಇಲ್ಲಿ ಹೊಸದೊಂದು ಹಾವಳಿ. ಸಭೆಗೆ ಸಭೆಯೇ ಡಾಕ್ಟರ ಬಳಿ ಹೊರಟಿದೆ. ಬಡಗಿ ಹಿರಿಯರ ಹಳೆ ಕೆಮ್ಮಿಗೆ ಮದ್ದು ಸಿಕ್ಕಿತು. ಟೈಲರ್ ಅಕ್ಕನಿಗೆ ರಕ್ತ ಕಡಿಮೆಯಿತ್ತಂತೆ, ಈಗ ಗುಣವಾಗುತ್ತಿದ್ದಾಳೆ. ನನಗೆ ವಾರಕ್ಕೊಂದು ದಿನ ಕಡ್ಡಾಯ ರಜೆ ಎಂದು ಹಿರಿಯರು ತೀರ್ಮಾನ ಮಾಡಿದ್ದಾರೆ. ಸೋಮವಾರ ಬೆಳಗ್ಗೆ ಯಾರಾದರೂ ಬಾಗಿಲು ತಟ್ಟಿದರೆ ನಿನ್ನ ತಾಯಿ ಕಿಟಕಿಯಿಂದಲೇ ಓಡಿಸುತ್ತಾಳೆ. ಮೊದಮೊದಲು ಚಡಪಡಿಸಿದೆ. ಈಗ ಮಧ್ಯಾಹ್ನ ಕಣ್ಣು ತುಂಬ ನಿದ್ದೆ ಬರುತ್ತದೆ. ಭಾನುವಾರದ ಪ್ರಸಂಗ ಚಿಕ್ಕದಾಗಿದೆ ಎಂದು ಜನಕ್ಕೆ ಸಂತೋಷ.

ಓಟ ಹತ್ತಿರ ಬಂತು. ಗೆದ್ದು ಬಾ ಎಂದು ಬರೆಯಲು ಕೈ ಹೋಯಿತು. ಅದು ಬೇಡ. ಚೆನ್ನಾಗಿ ಓಡಿ ಬಾ. ಎರಡೂ ಕಾಲು ಜೊತೆಯಲ್ಲಿ ತೆಗೆದುಕೊಂಡು ಬಾ.

(ಗೆದ್ದರೂ ನನ್ನದೇನೂ ಅಭ್ಯಂತರವಿಲ್ಲ.)

ಅಪ್ಪ

ಅಕ್ಟೋಬರ್ 17

ಅಪ್ಪಾ, ಅಮ್ಮಾ,

ಗೆದ್ದೆ! ಮೊದಲನೆಯವಳು ನಾನೇ! ಈ ಒಂದು ಸುದ್ದಿಗೆ ವಾರ್ಡನ್ ನಿಯಮ ಸಡಿಲಿಸಿದ್ದರಿಂದ ಫೋನಿನಲ್ಲಿ ಹೇಳಿ ಆಗಿದೆ, ಅಪ್ಪ ಕಿರುಚಿದ್ದು ವಾರ್ಡನ್‌ಗೂ ಕೇಳಿಸಿದೆ. ಆದರೆ ಹೇಗೆ ಎನ್ನುವುದನ್ನು ಕಾಗದದಲ್ಲಿ ಹೇಳದೆ ನನಗೆ ಸಮಾಧಾನವಿಲ್ಲ.

ನಮ್ಮ ಗುಂಪಿನಲ್ಲಿ ಹಸಿರು ಸಾಕ್ಸಿನ ಎತ್ತರದ ಹುಡುಗಿಯೊಬ್ಬಳಿದ್ದಳು. ಮಾರ್ಚಿನ ಆಯ್ಕೆಯಲ್ಲಿ ಎಲ್ಲರನ್ನೂ ಹಿಂದೆ ಹಾಕಿದವಳು. ಮೊದಲ ಸುತ್ತಿನಿಂದಲೇ ದಾಪುಗಾಲು ಹಾಕಿದಳು. ಹಳೆಯ ನಾನಾಗಿದ್ದರೆ ಅವಳ ಬೆನ್ನಿಗೇ ಅಂಟಿಕೊಂಡು ಅರ್ಧಕ್ಕೆ ಉಸಿರು ಬಿಡುತ್ತಿದ್ದೆ. ಈ ಸಲ ಬಿಟ್ಟೆ. ಹೋಗಲಿ ಎಂದು ನನ್ನ ಲಯದಲ್ಲಿ ಓಡಿದೆ. ಒಬ್ಬೊಬ್ಬರಾಗಿ ಹಿಂದೆ ಬಿದ್ದರು. ಮಧ್ಯದಲ್ಲಿ, ಮೊದಲೆಲ್ಲ ಕಣ್ಣು ಕತ್ತಲಾಗುತ್ತಿದ್ದ ಹೊತ್ತಿಗೆ, ಕಾಲಿನ ಒಳಗೆ ಇನ್ನೂ ಏನೋ ಇದೆ ಎಂದು ಗೊತ್ತಾಯಿತು. ಅಪ್ಪಾ, ಅದು ಶಕ್ತಿ. ಎಷ್ಟೋ ಕಾಲದಿಂದ ಓಡುತ್ತಿದ್ದೇನೆ, ಅದರ ಪರಿಚಯವೇ ನನಗಿರಲಿಲ್ಲ!

ಕೊನೆಯ ಸುತ್ತಿನ ಗಂಟೆ ಬಾರಿಸಿದಾಗ ಹಸಿರು ಸಾಕ್ಸು ಕೈಗೆಟುಕುವ ಹಾಗಿತ್ತು. ತಿರುವಿನಲ್ಲಿ ಅವಳ ಪಕ್ಕಕ್ಕೆ ಬಂದೆ, ಅವಳು ತಿರುಗಿ ನೋಡಿದಳು. ತಿರುವು ಮುಗಿದಾಗ ನಾನು ಮುಂದಿದ್ದೆ. ಉಳಿದ ದಾರಿಯುದ್ದಕ್ಕೂ ಗಂಟಲು ಬಿರಿಯುವ ಹಾಗೆ ಯಾರೋ ಕೂಗುತ್ತಿದ್ದರು. ಗೆರೆ ದಾಟಿದ ಮೇಲೆ ಗೊತ್ತಾಯಿತು, ಶಿಳ್ಳೆ ಮೇಡಂ ಶಿಳ್ಳೆ ಊದುವುದನ್ನೂ ಮರೆತು ಬಾಯಲ್ಲೇ ಕಿರುಚುತ್ತಿದ್ದರು. ನಾನು ಹುಲ್ಲಿನ ಮೇಲೆ ಮೊಣಕಾಲೂರಿ ದೇವರಿಗೆ ಸ್ತೋತ್ರ ಹೇಳಿದೆ. ಇದು ಬೇಕು, ಅದು ಕೊಡು ಎಂದು ಏನನ್ನೂ ಕೇಳಲಿಲ್ಲ.

ಇದು ನಿನ್ನೆಯ ಮಾತು. ಇನ್ನು ಇವತ್ತಿನದು.

ನನ್ನ ಹೆಸರು ಹತ್ತು ಸಾವಿರ ಮೀಟರಿಗೂ ಇತ್ತು. ನಿನ್ನೆಯ ಕಾಲಿದ್ದರೆ ಅದೂ ನನ್ನದೇ ಎಂದು ಎಲ್ಲರೂ ಹೇಳುತ್ತಿದ್ದರು, ನನಗೂ ಹಾಗೇ ಅನಿಸಿತ್ತು. ಬೆಳಗ್ಗೆ ಎದ್ದು ಮಂಚದಿಂದ ಕಾಲು ಇಳಿಸಿದೆ. ಅದೇ ಮುಂಗಾಲಿನಲ್ಲಿ ಸಣ್ಣದೊಂದು ಎಳೆತ. ನೋವಲ್ಲ, ಕರೆ. ಸಾಕ್ಸು ಮೇಲೆಳೆದು ಮುಚ್ಚಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಾಕ್ಸು ಹಿಡಿದ ಕೈ ಒಂದು ಕ್ಷಣ ಅಲ್ಲೇ ನಿಂತಿತು ಎಂದು ನಿಮ್ಮ ಹತ್ತಿರ ಒಪ್ಪಿಕೊಳ್ಳುತ್ತೇನೆ. ಆಮೇಲೆ ಬರಿಗಾಲಿನಲ್ಲೇ ಮೇಡಂ ರೂಮಿಗೆ ಹೋಗಿ ಬಾಗಿಲು ತಟ್ಟಿದೆ.

"ಮೇಡಂ, ಇಲ್ಲಿ ಎಳೀತಾ ಇದೆ. ಇವತ್ತು ನಾನು ಓಡಲ್ಲ."

ಅವರು ನನ್ನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಡಾಕ್ಟರಮ್ಮನನ್ನು ಕರೆಸಿದರು. ಸ್ನಾಯು ಬಿಗಿದಿದೆ ಅಷ್ಟೆ, ಮೂಳೆ ಗಟ್ಟಿಯಾಗಿದೆ, ಒಂದು ವಾರ ಬಿಡುವು ಕೊಟ್ಟರೆ ಸಾಕಂತೆ. ಡಾಕ್ಟರಮ್ಮ ಹೋದ ಮೇಲೆ ಮೇಡಂ, "ನಿನ್ನೆ ನೀನು ಗೆದ್ದೆ, ನನಗೆ ಖುಷಿ ಆಯ್ತು. ಇವತ್ತು ನೀನಾಗೇ ಬಂದು ಬಾಗಿಲು ತಟ್ಟಿದೆ ನೋಡು" ಎಂದು ಅರ್ಧಕ್ಕೇ ನಿಲ್ಲಿಸಿ, ನನ್ನ ತಲೆ ಸವರಿ ಎದ್ದುಹೋದರು.

ಈಗ ಗ್ಯಾಲರಿಯಲ್ಲಿ ಬಲಗಾಲನ್ನು ಮುಂದಿನ ಕುರ್ಚಿಯ ಮೇಲೆ ಚಾಚಿಕೊಂಡು ಬರೆಯುತ್ತಿದ್ದೇನೆ. ಕೆಳಗೆ ಹತ್ತು ಸಾವಿರದ ಓಟ ಶುರುವಾಗಿದೆ. ಹಸಿರು ಸಾಕ್ಸು ಮುಂದಿದೆ. "ಹೊಟ್ಟೆ ಉರಿಯಲ್ವೇನೇ?" ಎಂದು ಗರಗಸ ಕೇಳುತ್ತಿದ್ದಾಳೆ. ಉರಿಯುತ್ತಿದೆ, ಚೆನ್ನಾಗಿಯೇ ಉರಿಯುತ್ತಿದೆ. ಆದರೂ ಎದ್ದು ನಿಂತು ಹಸಿರು ಸಾಕ್ಸಿನವಳಿಗಾಗಿ ಚಪ್ಪಾಳೆ ತಟ್ಟಿದೆ. ಎಡಗಾಲಿನ ಮೇಲೆ ಭಾರ ಹಾಕಿಕೊಂಡೇ ತಟ್ಟಿದೆ. ಬಲಗಾಲಿಗೆ ಇನ್ನೂ ಬಹಳ ವರ್ಷಗಳ ಓಟ ಬಾಕಿ ಇದೆ.

ತಂಡಕ್ಕೆ ಆಯ್ಕೆಯಾದ
ನಿಮ್ಮ ಮಗಳು